ಭೀಮಸಿಯ ಮೀಸೆಯೂ ಕಾಸವ ಬೇಟವೂ

ಭೀಮಸಿಯ ಸೈಕಲ್ಲಿಗೆ ಬ್ರೇಕ್ ಇರಲಿಲ್ಲ. ಇದರಲ್ಲಿ ಅವನ ತಪ್ಪೇನೂ ಇಲ್ಲ. ಜುಗೂಳದ ನೆಲ ರೊಟ್ಟಿ ಹಂಚಿನ ಹಾಗೆ ಸಪಾಟು. ಕೃಷ್ಣೆಯಂಥ ಕೃಷ್ಣೆಯೇ ಅಲ್ಲಿಗೆ ಬಂದ ಮೇಲೆ ಎತ್ತ ಹರಿಯಲಿ ಎಂದು ಒಂದು ಗಳಿಗೆ ನಿಂತು ಯೋಚನೆ ಮಾಡುತ್ತಾಳೆ. ಅಂಥ ಊರಿನಲ್ಲಿ ತುಳಿಯುವುದು ಬಿಟ್ಟರೆ ಸೈಕಲ್ಲು ತಾನೇ ನಿಲ್ಲುತ್ತದೆ. ನಿಲ್ಲದಿದ್ದರೆ ಕಾಲು ಊರಿದರಾಯಿತು. ಹಾಲಿನ ಕ್ಯಾನುಗಳನ್ನು ಎರಡೂ ಕಡೆ ತೂಗುಬಿಟ್ಟಾಗ ಬ್ರೇಕಿನ ಸರಳು ತಾಗಿ ಗಡಗಡ ಅನ್ನುತ್ತದೆಂದು ಭೀಮಸಿ ಅದನ್ನು ಎಂದೋ ಬಿಚ್ಚಿ ಹಾಕಿದ್ದ. ಅವನ ಹೆಂಡತಿ ಚನ್ನವ್ವ ಆ ಸರಳಿನಿಂದ ಒಲೆಯ ಕೆಂಡ ಕೆದಕುತ್ತಿದ್ದಳು. ಊರಿನ ಹಾಲಿನವರೆಲ್ಲರ ಸೈಕಲ್ಲೂ ಹೀಗೇ. ಬ್ರೇಕ್ ಇರುವ ಸೈಕಲ್ಲು ಕಂಡರೆ, ಸಾಲಿ ಮಾಸ್ತರರು ಬಂದಾರೆ ಅಂತಲೇ ಮಂದಿ ಎದ್ದು ನಿಲ್ಲುತ್ತಿದ್ದರು.

ಸೈಕಲ್ಲಿಗೆ ಇಲ್ಲದಿದ್ದರೆ ಹೋಗಲಿ, ಭೀಮಸಿಯ ಬಾಯಿಗೂ ಬ್ರೇಕ್ ಇರಲಿಲ್ಲ. ಕತೆ ಶುರುವಾಗುವುದೇ ಅಲ್ಲಿಂದ.

ಆ ವಾರ ಊರಿಗೆ ಬಿಡುವಿಲ್ಲದೆ ಸೈಕಲ್ ಹೊಡೆಯುವವನೊಬ್ಬ ಬಂದಿದ್ದ. ಶಾಲೆಯ ಬಯಲಿನಲ್ಲಿ ನೆಲಕ್ಕೆ ಕಾಲು ಹಚ್ಚದೆ ಹಗಲು ರಾತ್ರಿ ಸುತ್ತುತ್ತಿದ್ದ. ಸೈಕಲ್ ಮೇಲೆಯೇ ಉಣ್ಣುತ್ತಿದ್ದ, ಸೈಕಲ್ ಮೇಲೆಯೇ ಜಳಕ ಮಾಡುತ್ತಿದ್ದ, ಅಲ್ಲೇ ಗಡ್ಡ ಹೆರೆದುಕೊಳ್ಳುತ್ತಿದ್ದ. ಮೈಕಿನಲ್ಲಿ ಹಾಡು, ಕೊರಳಲ್ಲಿ ಹಾರ, ಹೆಂಗಸರ ಆರತಿ. ಜನಾಬಾಯಿಯ ಚಹಾದಂಗಡಿಯಲ್ಲಿ ಸಂಜೆ ಎಲ್ಲರೂ ಅವನನ್ನೇ ಹೊಗಳತೊಡಗಿದಾಗ ಭೀಮಸಿಗೆ ಹಸಿ ಮೆಣಸಿನಕಾಯಿ ನುಂಗಿದಂತಾಯಿತು. ಮೀಸೆ ಮೂಡುವ ಮೊದಲಿನಿಂದ ಸೈಕಲ್ ಮೇಲಿರುವವನು ತಾನು. ಒಬ್ಬರಾದರೂ ಒಂದು ಆರತಿ ಎತ್ತಿದ್ದಾರೆಯೇ?

"ಸಾಲಿ ಬಯಲಾಗ ಗಾಣದ ಎತ್ತೂ ಸುತ್ತತೈತಿ," ಅಂದುಬಿಟ್ಟ. "ಗಂಡಸಾದ್ರ ಸಮುದ್ರದಾಗಿನ ನಡುಗಡ್ಡಿ ಸುತ್ತಬೇಕು. ಯಾರರ ತೋರಸ್ರಿ, ನೆಲಕ್ಕ ಕಾಲ ಹಚ್ಚದ ಸುತ್ತಿ ಬರತೀನಿ."

ಸಮುದ್ರ ಎಂದು ಯಾಕೆ ಅಂದನೋ ಅವನಿಗೇ ತಿಳಿಯದು. ಜುಗೂಳದಿಂದ ಸಮುದ್ರ ಬಹಳ ದೂರ. ದೂರದ್ದನ್ನು ಹೇಳಿದರೆ ಯಾರೂ ತೋರಿಸಲಾರರು ಎಂಬ ಧೈರ್ಯ ಇದ್ದೀತು. ಆದರೆ ಮೂಲೆಯಲ್ಲಿ ಬಸಿಯಲ್ಲಿ ಚಹಾ ಹೀರುತ್ತಿದ್ದ ಲಗಮಣ್ಣ ಬಸಿಯನ್ನು ಮೆಲ್ಲಗೆ ಕೆಳಗಿಟ್ಟ. ಈ ಲಗಮಣ್ಣನಿಗೆ ಒಂದು ಟೆಂಪೋ ಇತ್ತು. ಊರಿನ ಬೆಲ್ಲವನ್ನು ಕೊಂಕಣದ ಬಂದರಿಗೆ ಹೊತ್ತು, ಬರುವಾಗ ತೆಂಗಿನಕಾಯಿ ತರುವುದು ಅವನ ಕಸುಬು. ಭೀಮಸಿ ಮತ್ತು ಅವನು ಒಂದೇ ಓಣಿಯವರು, ಒಂದೇ ವಯಸ್ಸಿನವರು, ಆದ್ದರಿಂದ ಒಬ್ಬರಿಗೊಬ್ಬರು ಆಗಿಬರುತ್ತಿರಲಿಲ್ಲ.

"ನಾಳೆ ನಸಕಿನ್ಯಾಗ ಟೆಂಪೋ ಹೊಂಟೈತಿ," ಅಂದ ಲಗಮಣ್ಣ. "ಬಂದರದ ಎದುರಿಗೇ ಕಾಸವ ಬೇಟ ಅಂತ ನಡುಗಡ್ಡಿ ಐತಿ. ಸುತ್ತಾ ರಸ್ತಾ ಐತಿ. ಸೈಕಲ್ ಹಾಕ್ಕೊಂಡು ಬಾ. ಕಾಲ ಊರಿದ್ರ ನಿನ್ನ ಮೀಸಿ ಬೋಳಸಬೇಕು. ಊರದ ಸುತ್ತಿದ್ರ ನಂದು ನಾ ಬೋಳಸ್ತೀನಿ."

ಕಾಸವ ಎಂದರೆ ಮರಾಠಿಯಲ್ಲಿ ಆಮೆ, ಬೇಟ ಎಂದರೆ ನಡುಗಡ್ಡೆ. ಗಡಿಯ ಊರು, ಅಷ್ಟು ಮರಾಠಿ ಎಮ್ಮೆಗಳಿಗೂ ಬರುತ್ತದೆ. ಭೀಮಸಿಯ ಕಣ್ಣ ಮುಂದೆ ಉಸುಕಿನಲ್ಲಿ ಕೈಕಾಲು ಚಾಚಿ ಚಪ್ಪಟೆಯಾಗಿ ಮಲಗಿದ ಒಂದು ಆಮೆ ಬಂತು. ನಡುಗಡ್ಡೆ ಎಂದರೆ ಅವನು ಕಂಡದ್ದು ಕೃಷ್ಣೆಯ ಒಡಲಿನ ಉಸುಕಿನ ದಿನ್ನೆ. ಬೇಸಿಗೆಯಲ್ಲಿ ಕಲ್ಲಂಗಡಿ, ಸವತೆ ಬೆಳೆಯುವ ಜಾಗ. ಅದರ ಮೇಲೆ ಗೋಲಿ ಇಟ್ಟರೂ ಉರುಳುವುದಿಲ್ಲ. ಸಮುದ್ರದ್ದಾದರೆ ಇನ್ನೊಂಚೂರು ದೊಡ್ಡದಿದ್ದೀತು, ಅಷ್ಟೇ ತಾನೇ. ಭೀಮಸಿ ಕೈಮೇಲೆ ಕೈ ಹೊಡೆದ.

ಪಣ ಕಟ್ಟಿದ ಮೀಸೆ ಸಣ್ಣದೇನಲ್ಲ. ಮುರ್ರಾ ಎಮ್ಮೆಯ ಕೊಂಬಿನ ಹಾಗೆ ಎರಡೂ ಕಡೆ ಸುರುಳಿ ಸುತ್ತಿದ ಮೀಸೆ. ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ನಮ್ಮ ಕಡೆ ಗಂಡಸು ಮೀಸೆ ತೆಗೆಸುವುದು ಅಪ್ಪ ಸತ್ತಾಗ. ಅಪ್ಪ ಇರುವಾಗಲೇ ತೆಗೆಸಿದವನು ಅಪ್ಪನನ್ನು ಜೀವಂತ ಹೊಳೆದಂಡೆಗೆ ಹೊತ್ತಂತೆ ಲೆಕ್ಕ. ಲಗಮಣ್ಣನ ಅಪ್ಪ ತೀರಿ ಎಷ್ಟೋ ವರ್ಷವಾಗಿತ್ತು. ಅವನ ಮೀಸೆ ಕುಳೆ ಕಬ್ಬಿನ ಹಾಗೆ, ಕಡಿದರೆ ಮತ್ತೆ ಚಿಗುರುತ್ತದೆ, ಕೇಳುವವರಿಲ್ಲ. ಭೀಮಸಿಯ ಅಪ್ಪ ಮುರಗೆಪ್ಪನೋ ಗಟ್ಟಿಮುಟ್ಟಾಗಿದ್ದ. ಅವನದೂ ಬಿಳಿಯ ದೊಡ್ಡ ಮೀಸೆ. ಅದಕ್ಕೆ ತುಪ್ಪ ಹಚ್ಚಿ ತಿರುವದೆ ಅವನು ಹೊಸ್ತಿಲು ದಾಟಿದವನಲ್ಲ. ಸುದ್ದಿ ಭೀಮಸಿಗಿಂತ ಮೊದಲೇ ಮನೆ ಮುಟ್ಟಿತ್ತು. ಮುರಗೆಪ್ಪ ಕೂಗಾಡಲಿಲ್ಲ, ಅದೇ ಹೆದರಿಕೆಯ ಸಂಗತಿ.

"ನಾ ಉಸರ ಆಡೂತನಕ ನಿನ್ನ ಮೀಸಿಗೆ ಕತ್ತಿ ತಾಗಬಾರ್ದು," ಅಂದ. "ತಾಗಿತಂದ್ರ ಈ ಹೊಸ್ತಲಾ ದಾಟಬ್ಯಾಡ."

ನಸುಕಿನಲ್ಲಿ ಟೆಂಪೋ ಹೊರಟಿತು. ಮುಂದೆ ಲಗಮಣ್ಣ, ಪಕ್ಕದಲ್ಲಿ ಬೆಲ್ಲದ ದಲಾಲಿ ಶ್ರೀಪಾಲ. ಈ ಶ್ರೀಪಾಲ ಜೈನರವನು. ನೀರು ಸೋಸದೆ ಕುಡಿಯುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಬೆಲ್ಲಕ್ಕೆ ಮುತ್ತಿದ ಇರುವೆಗೂ ಹಾದಿ ಬಿಟ್ಟು ನಡೆಯುವವನು. ಸುಳ್ಳು ಅವನ ನಾಲಿಗೆಗೆ ಒಗ್ಗದು. ಆದ್ದರಿಂದ ಇಬ್ಬರೂ ಅವನನ್ನೇ ಪಂಚ ಅಂತ ಒಪ್ಪಿದ್ದರು. ಹಿಂದೆ ತಾಡಪತ್ರಿಯ ಕೆಳಗೆ ಬೆಲ್ಲದ ಪೆಂಟೆಗಳ ನಡುವೆ ಭೀಮಸಿ, ಅವನ ಸೈಕಲ್ಲು, ಸೈಕಲ್ಲಿನ ಎರಡು ಖಾಲಿ ಹಾಲಿನ ಕ್ಯಾನು. ಕ್ಯಾನು ಯಾಕೆ ತಂದೆಯೋ ಎಂದು ಲಗಮಣ್ಣ ನಕ್ಕಿದ್ದ. ಕ್ಯಾನಿಲ್ಲದೆ ಸೈಕಲ್ ಹತ್ತಿದರೆ ಭೀಮಸಿಗೆ ಧೋತರ ಬಿಟ್ಟು ಹೊರಗೆ ಬಂದಂತಾಗುತ್ತಿತ್ತು. ತೋಲ ಸಿಗುವುದಿಲ್ಲ, ಸೈಕಲ್ಲು ಅತ್ತಿತ್ತ ವಾಲುತ್ತದೆ.

ಬೆಲ್ಲದ ವಾಸನೆಗೆ ಭೀಮಸಿಗೆ ಗಡದ್ದಾಗಿ ನಿದ್ದೆ ಹತ್ತಿತು. ಚಿಕ್ಕೋಡಿ ಬಂತು ಹೋಯಿತು, ನಿಪ್ಪಾಣಿಯ ತಂಬಾಕಿನ ಘಾಟಿಗೆ ಒಮ್ಮೆ ಸೀನಿ ಮಗ್ಗುಲು ಬದಲಿಸಿದ. ಆಮೇಲೆ ಟೆಂಪೋ ದೊಡ್ಡ ಘಟ್ಟ ಇಳಿಯಿತು. ಅದೊಂದು ಕಣ್ಣಿಗೆ ಬಿದ್ದಿದ್ದರೆ ಅವನಿಗೆ ಮುಂದಿನದು ಹೊಳೆಯುತ್ತಿತ್ತೋ ಏನೋ. ಅವನು ಎದ್ದಾಗ ಬಂದರು ಬಂದಿತ್ತು, ಕಿವಿಯೊಳಗೆ ಇರುವೆ ಹೊಕ್ಕಿತ್ತು, ಎದುರಿಗೆ ಸಮುದ್ರ ಇತ್ತು.

ಕೃಷ್ಣೆಗೆ ಎಂಥ ಮಹಾಪೂರ ಬಂದರೂ ಆಚೆ ದಂಡೆಯ ಮರದ ತಲೆಯಾದರೂ ಕಾಣುತ್ತದೆ. ಇಲ್ಲಿ ಮರವೂ ಇಲ್ಲ, ದಂಡೆಯೂ ಇಲ್ಲ. ನೀಲಿಯೋ ನೀಲಿ. ಭೀಮಸಿ ಬಾಯಿ ತೆರೆದು ನಿಂತ.

"ಶ್ರೀಪಾಲಣ್ಣಾ, ಇದರ ಆಚಿ ದಂಡಿ ಎಲ್ಲೈತ್ರಿ?"

"ಅರಬಸ್ತಾನದಾಗ," ಅಂದ ಶ್ರೀಪಾಲ, ಸುಳ್ಳು ಹೇಳದವನು.

ಆಮೇಲೆ ಲಗಮಣ್ಣ ಬೆರಳು ಮಾಡಿ ತೋರಿಸಿದ. ನೀರಿನ ನಡುವೆ ಕಾಸವ ಬೇಟ. ಆಮೆ ಮಲಗಿರಲಿಲ್ಲ, ಗೂನುಬೆನ್ನು ಎತ್ತಿ ಆಕಾಶಕ್ಕೆ ಹಾಯಲು ಎದ್ದು ಕೂತಿತ್ತು. ಬುಡದಿಂದ ನೆತ್ತಿಯವರೆಗೆ ಹಸಿರು, ನೆತ್ತಿಯ ಮೇಲೆ ಹಳೆಯ ಕೋಟೆಯ ಗೋಡೆ, ಮೈ ಸುತ್ತ ಕೆಂಪು ರಸ್ತೆ, ಅದು ಜನಿವಾರದ ಹಾಗೆ ಹೆಗಲ ಮೇಲೆ ಹತ್ತಿ ಸೊಂಟಕ್ಕೆ ಇಳಿದಿತ್ತು. ಭೀಮಸಿಯ ಮೀಸೆಯ ಎರಡೂ ತುದಿ ತಾವಾಗಿಯೇ ಕೆಳಗೆ ಬಾಗಿದವು.

"ಯಾಕೋ, ತಿರುಗಿ ಹೋಗೂನು?" ಅಂದ ಲಗಮಣ್ಣ, ತಾಯಿಯಷ್ಟು ಪ್ರೀತಿಯಿಂದ. "ಹಜಾಮ ಇಲ್ಲೇ ಬಂದರದಾಗ ಅದಾನ."

ಭೀಮಸಿ ಮೀಸೆಯನ್ನು ಎತ್ತಿ ತಿರುವಿ ದೋಣಿ ಹತ್ತಿದ.

ಬೇಟದ ದಕ್ಕೆಯಲ್ಲಿ ಇಳಿಯುವ ಹೊತ್ತಿಗೆ ಸುದ್ದಿ ಹಬ್ಬಿತ್ತು. ದೋಣಿಯವನು ಬಾಯಿಬಡುಕ, ಅವನು ಹೇಳಿದ್ದು ಕೇಳಿ ಬಲೆ ಹೆಣೆಯುವವರು, ಹುಡುಗರು, ಮುದುಕರು ಎಲ್ಲ ಕೂಡಿದರು. ಘಟ್ಟದ ಮೇಲಿನವನಂತೆ, ನೆಲಕ್ಕೆ ಕಾಲಿಡದೆ ಬೇಟ ಸುತ್ತುತ್ತಾನಂತೆ. ಯಾರೋ ಶಂಖ ಊದಿದರು. ಭೀಮಸಿಯ ಎದೆ ತೆಂಗಿನ ಮರದಷ್ಟು ಉಬ್ಬಿತು. ಶ್ರೀಪಾಲ ದಕ್ಕೆಯ ಅಂಗಡಿಯಲ್ಲಿ ಬಾಡಿಗೆಗೆ ಒಂದು ಸೈಕಲ್ಲು ಹಿಡಿದ. ಅದಕ್ಕೆ ಎರಡು ಬ್ರೇಕು, ಒಂದು ಗಂಟೆ. ಅವನು ಹಿಂದೆಯೇ ಬಂದು ಕಾಲು ಕಾಯಬೇಕು. ಲಗಮಣ್ಣ ತೆಂಗಿನ ನೆರಳಲ್ಲಿ ಎಳನೀರು ಹಿಡಿದು ಕೂತ. ಎಲ್ಲಿಗೂ ಹೋಗುವ ಅವಸರ ಅವನಿಗಿರಲಿಲ್ಲ.

ಶ್ರೀಪಾಲ ಗಂಟೆ ಬಾರಿಸಿದ. ಭೀಮಸಿ ಹೊರಟ.

ದಕ್ಕೆ ದಾಟಿ ತಿರುವಿನಲ್ಲಿ ರಸ್ತೆ ಏಣಿಯ ಹಾಗೆ ಎದ್ದು ನಿಂತಿತು. ಹುಟ್ಟಿದಾಗಿನಿಂದ ಭೀಮಸಿ ಏರು ಅಂತ ತುಳಿದದ್ದು ಹೊಳೆದಂಡೆಯಿಂದ ಊರ ಅಗಸೆಬಾಗಿಲವರೆಗಿನ ದಾರಿ, ಅದಕ್ಕೂ ಒಮ್ಮೊಮ್ಮೆ ಇಳಿದು ನೂಕುತ್ತಿದ್ದ. ಈಗ ಪೆಡಲಿನ ಮೇಲೆ ಎದ್ದು ನಿಂತು ತುಳಿದ. ಹಲ್ಲು ಕಚ್ಚಿ ತುಳಿದ. ಕುಲದೇವರ ಹೆಸರು ಹಿಡಿದು ತುಳಿದ. ಸೈಕಲ್ಲು ಎಷ್ಟು ಮೆಲ್ಲಗಾಯಿತೆಂದರೆ ಮುಂದಿನ ಗಾಲಿಯ ಮೇಲೆ ಒಂದು ಬಸವನ ಹುಳ ಹತ್ತಿ, ಸುತ್ತಲೂ ನೋಡಿ, ಇಳಿದು ತನ್ನ ಪಾಡಿಗೆ ಹೋಯಿತು. ಹಿಂದಿನಿಂದ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ನಡೆದುಕೊಂಡು ಬಂದಳು. ಬಂದವಳು ಅವನನ್ನು ದಾಟಿದಳು. ದಾಟಿ, ತಿರುಗಿ ನಿಂತು, ಮೈಯಲ್ಲಿ ಹುಷಾರಿಲ್ಲವೇ ತಮ್ಮಾ ಎಂದು ಮರಾಠಿಯಲ್ಲಿ ಕೇಳಿದಳು. ಹುಷಾರಿಲ್ಲದಿದ್ದರೆ ಇಳಿದು ಮಲಗಬಾರದೇ ಎಂದೂ ಹೇಳಿದಳು. ಭೀಮಸಿ ಸೈಕಲ್ಲು ಅತ್ತಿತ್ತ ವಾಲಿಸುತ್ತ, ಇಳಿದರೆ ಮೀಸೆ ಹೋಗುತ್ತದೆ, ಮೀಸೆ ಹೋದರೆ ಮನೆ ಹೋಗುತ್ತದೆ ಎಂದು ಏದುಸಿರಿನಲ್ಲಿ ತಿಳಿಸಿದ.

ಮುದುಕಿಗೆ ಕನಿಕರ ಬಂತು, ಜೊತೆಗೆ ಒಂದು ಉಪಾಯವೂ ಬಂತು. ಅವಳೂ ಗುಡ್ಡದ ಆಚೆ ಬದಿಗೆ ಹೋಗುವವಳು. ಬುಟ್ಟಿಯನ್ನು ಕ್ಯಾರಿಯರಿನ ಮೇಲಿಟ್ಟಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನಿಂದ ನೂಕತೊಡಗಿದಳು.

"ಶ್ರೀಪಾಲಣ್ಣಾ, ಇದು ನಡಿತೈತ್ರಿ?" ಎಂದು ಭೀಮಸಿ ಕೂಗಿದ.

ಶ್ರೀಪಾಲ ತನ್ನ ಸೈಕಲ್ಲನ್ನು ನೂಕಿಕೊಂಡು ನಡೆದು ಬರುತ್ತಿದ್ದ. ಸಾಲಿ ಬಯಲಿನವನನ್ನೂ ಮಂದಿ ನೂಕಿದ್ದರು, ಆದ್ದರಿಂದ ನಡೆಯುತ್ತದೆ ಎಂದು ತೀರ್ಪು ಕೊಟ್ಟ. ಅಷ್ಟರಲ್ಲಿ ಗಾಳಿ ತಿರುಗಿ ಬುಟ್ಟಿಯ ವಾಸನೆ ಅವನ ಮೂಗಿಗೆ ಹೊಡೆಯಿತು. ಈರುಳ್ಳಿಯನ್ನೂ ಮನೆಗೆ ಬಿಟ್ಟುಕೊಳ್ಳದವನು ಅವನು. ಟವೆಲ್ಲನ್ನು ಮೂಗಿಗೆ ಬಿಗಿದು, ಬರೀ ಕಣ್ಣು ತೆರೆದುಕೊಂಡು ನಡೆದ.

ಮುದುಕಿಯ ತೋಳು ಎಂಥದಿತ್ತೋ, ಸೈಕಲ್ಲು ಸರಸರ ಏರಿತು. ನೂಕುತ್ತಲೇ ಅವಳು ಅವನ ಮನೆತನವನ್ನೆಲ್ಲ ಕೆದಕಿದಳು. ಎಮ್ಮೆ ಎಷ್ಟು, ಮಕ್ಕಳೆಷ್ಟು, ಇಂಥವನನ್ನು ಹೆಂಡತಿ ಒಬ್ಬನನ್ನೇ ಹೊರಗೆ ಬಿಟ್ಟದ್ದು ಯಾಕೆ, ಎಲ್ಲ ಕೇಳಿದಳು. ಭೀಮಸಿ ಉತ್ತರ ಕೊಡುತ್ತ ಕೊಡುತ್ತ ಒಂದು ತಿರುವು ದಾಟಿದ, ಗೇರು ಮರಗಳು ಪಕ್ಕಕ್ಕೆ ಸರಿದವು, ನೆತ್ತಿ ಬಂತು.

ನಾಲ್ಕೂ ದಿಕ್ಕಿಗೆ ಸಮುದ್ರ. ಬಿಸಿಲು ಬಿದ್ದ ಕಡೆ ಬೆಲ್ಲದ ಕೊಪ್ಪರಿಗೆ ಕುದ್ದಂತೆ ಬಂಗಾರದ ಗುಳ್ಳೆ, ನೆರಳಿನ ಕಡೆ ದ್ರಾಕ್ಷಿ ಗೊನೆಯ ಬಣ್ಣ. ಕೆಳಗೆ ದೋಣಿಗಳು ಶೇಂಗಾ ಸಿಪ್ಪೆ ತೇಲಿಬಿಟ್ಟಂತೆ. ಬುಡದ ಬಂಡೆಗೆ ಅಲೆ ಬಡಿದರೆ ಗುಡ್ಡದ ಮೇಲೆ ಕೂತವನ ಎದೆಯಲ್ಲಿ ಡೊಳ್ಳು ಬಾರಿಸುತ್ತಿತ್ತು. ತಂಪು ಗಾಳಿ ಅಂಗಿಯೊಳಗೆ ಹೊಕ್ಕು ಬೆನ್ನಿಂದ ಹೊರಬಿತ್ತು. ಇದನ್ನು ಚನ್ನವ್ವನಿಗೆ ತೋರಿಸಬೇಕಿತ್ತು ಅನಿಸಿ ಅವನಿಗೆ ಕಣ್ಣು ತುಂಬಿ ಬಂತು. ತನಗೆ ತಿಳಿಯದೆಯೇ ಹೋ ಎಂದು ಕೂಗಿದ. ಕೋಟೆಯೂ ಹೋ ಅಂದಿತು. ಜಗತ್ತಿನಲ್ಲಿ ತನ್ನಂಥ ಸುಖಿ ಇನ್ನೊಬ್ಬನಿಲ್ಲ ಎಂದುಕೊಳ್ಳುವಾಗ ಒಂದು ಸಂಗತಿ ಗಮನಕ್ಕೆ ಬಂತು. ಅವನು ತುಳಿಯುತ್ತಿರಲಿಲ್ಲ, ಮುದುಕಿ ನೂಕುತ್ತಿರಲಿಲ್ಲ, ಆದರೂ ಸೈಕಲ್ಲು ಹೊರಟಿತ್ತು.

ಜುಗೂಳದಲ್ಲಿ ಸೈಕಲ್ಲು ಎಂದೂ ಹೀಗೆ ಮಾಡಿದ್ದಿಲ್ಲ. ಮೊದಲು ಅವನಿಗೆ ಖುಷಿಯೇ ಆಯಿತು. ಪುಕ್ಕಟೆ ಓಡುವ ಸೈಕಲ್ಲು ಯಾರಿಗೆ ಬೇಡ? ಎರಡನೆಯ ತಿರುವಿಗೆ ಅಂಗಿಯ ಗುಂಡಿ ಹಾರಿತು. ಮೂರನೆಯದಕ್ಕೆ ಕಣ್ಣಿನ ನೀರು ಕಿವಿಗೆ ಹರಿಯತೊಡಗಿತು. ರೂಢಿಯಂತೆ ಎಡಗಾಲು ಪೆಡಲು ಬಿಟ್ಟು ಕೆಳಗಿಳಿಯಿತು. ಬೆರಳು ನೆಲಕ್ಕೆ ತಾಗಲು ಎಳ್ಳುಕಾಳಿನಷ್ಟು ಉಳಿದಾಗ ಅಪ್ಪನ ಮುಖ ಕಣ್ಣ ಮುಂದೆ ಬಂತು. ಭೀಮಸಿ ಕಾಲನ್ನು ಗಕ್ಕನೆ ಮೇಲೆಳೆದುಕೊಂಡ.

"ಶ್ರೀಪಾಲಣ್ಣಾ, ಹಿಡಿರಿ," ಎಂದು ಕೂಗಿದ.

ಶ್ರೀಪಾಲ ಎರಡೂ ಬ್ರೇಕು ಒತ್ತಿಕೊಂಡು, ದಾರಿಗೆ ಅಡ್ಡ ಬಂದ ಒಂದು ಓತಿಕ್ಯಾತ ದಾಟುವವರೆಗೆ ಕಾದು, ಗುಡ್ಡದ ನೆತ್ತಿಯಲ್ಲೇ ಇದ್ದ. ಭೀಮಸಿಯ ಹಿಂದೆ ಮುದುಕಿ ತನ್ನ ಮೀನು ಮೀನು ಎಂದು ಬಾಯಿ ಬಡಿದುಕೊಂಡು ಓಡಿ ಬರುತ್ತಿದ್ದಳು.

ಮೀನಿನ ಬುಟ್ಟಿ ಗಾಳಿಗೆ ತೆರೆದುಕೊಂಡಿತು. ಮೊದಲು ಕಾಗೆಗಳು ಬಂದವು, ಆಮೇಲೆ ಸಮುದ್ರದ ಬಿಳಿ ಹಕ್ಕಿಗಳು, ಆಮೇಲೆ ಬೇಟದ ಬೆಕ್ಕುಗಳೆಲ್ಲ ಗೇರು ತೋಪಿನಿಂದ ಹೊರಬಿದ್ದು ಸಾಲು ಹಿಡಿದವು. ಬೆಕ್ಕುಗಳ ಹಿಂದೆ ನಾಯಿಗಳು, ನಾಯಿಗಳ ಹಿಂದೆ ಶಾಲೆ ಬಿಟ್ಟ ಹುಡುಗರು. ಇಂಥ ದಿಬ್ಬಣ ಯಾವ ದೇಸಾಯಿಯ ಮದುವೆಯಲ್ಲೂ ಹೊರಟಿರಲಿಕ್ಕಿಲ್ಲ. ದಾರಿಯ ಕೋಳಿಗಳು ಕೋಳಿಗಳೆಂಬುದನ್ನು ಮರೆತು ಮಾಡಿನ ಮೇಲೆ ಹಾರಿ ಕೂತವು.

ಮುಂದೆ ರಸ್ತೆ ಬಲಕ್ಕೆ ತಿರುಗಿತು. ಸೈಕಲ್ಲು ತಿರುಗಲಿಲ್ಲ. ನೇರಕ್ಕೆ ಒಂದು ಮನೆ ಇತ್ತು. ಕೊಂಕಣದ ಮನೆಗಳಲ್ಲಿ ಮುಂಬಾಗಿಲು, ನಡುಬಾಗಿಲು, ಹಿತ್ತಲ ಬಾಗಿಲು ಎಲ್ಲ ಒಂದೇ ಗೆರೆಗೆ, ಗಾಳಿ ಆಡಲಿ ಅಂತ. ಆ ಹೊತ್ತಿಗೆ ಗಾಳಿಯ ಬದಲು ಭೀಮಸಿ ಬಂದ. ಪಡಸಾಲೆಯಲ್ಲಿ ಸಾಲಾಗಿ ಕೂತು ಉಣ್ಣುತ್ತಿದ್ದರು. ಎಷ್ಟೇ ಆಗಲಿ ಭೀಮಸಿ ಮರ್ಯಾದಸ್ಥರ ಮನೆಯ ಮಗ. ಉಣ್ಣುವವರ ಮನೆಗೆ ಹೊಕ್ಕಾಗ ಏನು ಅನ್ನಬೇಕೋ ಅದನ್ನು ಅಂದ.

"ನಡೀಲಿ, ನಡೀಲಿ. ನಿಮ್ದು ಊಟ ನಡೀಲ್ರಿ."

ಮನೆಯ ಯಜಮಾನನೂ ಮರ್ಯಾದಸ್ಥನೇ. ಅನ್ನದ ತುತ್ತು ಕೈಯಲ್ಲಿ ಹಿಡಿದೇ, "ಯಾ, ಬಸಾ," ಎಂದು ಕರೆದ. ಬಾ, ಕೂತುಕೋ ಅಂತ. ಅವನ ಮಾತು ಮುಗಿಯುವ ಹೊತ್ತಿಗೆ ಭೀಮಸಿ ಹಿತ್ತಲಲ್ಲಿದ್ದ. ಹಿತ್ತಲಲ್ಲಿ ಹಗ್ಗದ ಮೇಲೆ ಒಣಹಾಕಿದ್ದ ಹಸಿರು ಸೀರೆಯೊಂದು ಅವನನ್ನು ತಲೆಯಿಂದ ಸೊಂಟದವರೆಗೆ ಅಪ್ಪಿಕೊಂಡಿತು. ಅಲ್ಲಿಂದ ಮುಂದೆ ಭೀಮಸಿಗೆ ಕಂಡದ್ದು ಬರೀ ಹಸಿರು.

ಕಾಣದಿದ್ದರೇನು, ಕಾಲು ಪೆಡಲು ಬಿಡಬಾರದು ಅಷ್ಟೇ. ಸೈಕಲ್ಲು ಕುಣಿಯಿತು, ಹಾರಿತು, ಕಲ್ಲಿನ ಮೇಲೆ ಕಟಕಟ ಅಂದಿತು. ಒಮ್ಮೆ ಯಾರದೋ ಹಸು ಅಂಬಾ ಅಂದದ್ದು ಕೇಳಿಸಿತು. ಆಮೇಲೆ ದೋಣಿಗಳನ್ನು ನೀರಿಗೆ ಜಾರಿಸುವ ಇಳಿಜಾರು ಬಂತು. ಆ ಜಾರಿನ ಮೇಲೆ ಬೇಟದವರು ಎಷ್ಟೋ ದೋಣಿ ಬಿಟ್ಟಿದ್ದರು. ಸೀರೆಯುಟ್ಟ ಮೀಸೆಯವನನ್ನು ಸೈಕಲ್ ಸಮೇತ ಬಿಟ್ಟದ್ದು ಅದೇ ಮೊದಲು.

ಛಪಾರ್ ಎಂದು ಸದ್ದಾಯಿತು. ಬೇರೆ ಯಾರದೇ ಸೈಕಲ್ಲಾಗಿದ್ದರೆ ತಳ ಕಂಡು, ಸವಾರ ಕಾಲು ಊರಿ, ಕತೆ ಅಲ್ಲೇ ಮುಗಿಯುತ್ತಿತ್ತು. ಆದರೆ ಎರಡೂ ಕಡೆಯ ಹಾಲಿನ ಕ್ಯಾನು ಖಾಲಿ ಇದ್ದವು, ಮುಚ್ಚಳ ಬಿಗಿ ಇದ್ದವು. ಸೈಕಲ್ಲು ಒಮ್ಮೆ ಮುಳುಗಿ, ಎಮ್ಮೆ ಕೆರೆಯಲ್ಲಿ ಎದ್ದಂತೆ ಮೇಲೆದ್ದು ತೇಲಿತು. ಸೀರೆಯೊಳಗಿನ ಭೀಮಸಿಗೆ ಇದೇನೂ ತಿಳಿಯದು. ರಸ್ತೆ ಇದ್ದಕ್ಕಿದ್ದಂತೆ ಬಹಳ ಮೆತ್ತಗಾಯಿತು, ಸ್ವಲ್ಪ ಥಂಡಿಯೂ ಆಯಿತು ಎಂದುಕೊಂಡು ಜೋರಾಗಿ ತುಳಿಯುತ್ತಲೇ ಇದ್ದ. ಹಿಂದಿನ ಗಾಲಿ ನೀರು ಚಿಮ್ಮಿಸುತ್ತ ಅವನನ್ನು ಅರಬಸ್ತಾನದ ಕಡೆಗೆ ಒಯ್ಯತೊಡಗಿತು. ಬುಟ್ಟಿ ಮಗುಚಿ ಮೀನುಗಳು ತವರಿಗೆ ಹೋದವು. ದಿಬ್ಬಣಕ್ಕೆ ಬಂದ ಬೆಕ್ಕುಗಳು ದಂಡೆಯಲ್ಲಿ ಕೂತು ಅತ್ತವು.

ಬಲೆ ಎಳೆಯುತ್ತಿದ್ದ ಬೆಸ್ತರು ದೋಣಿ ತಂದು ಹ್ಯಾಂಡಲಿಗೆ ಹಗ್ಗ ಬಿಗಿದರು. ಶ್ರೀಪಾಲ ಅಷ್ಟರಲ್ಲಿ ಬಂದು ಮುಟ್ಟಿದ್ದ. ಬರುವಾಗ ಅದೇ ಮನೆಯ ಯಜಮಾನನಿಗೆ ಕೈಮುಗಿದು, ಮಾಡಿನ ಮೇಲಿನ ಕೋಳಿಗಳಿಗೂ ಕೈಮುಗಿದು ಬಂದಿದ್ದ. ದೋಣಿಯಲ್ಲಿ ಕೂತು, ಬಗ್ಗಿ, ಭೀಮಸಿಯ ಕಾಲುಗಳ ಮೇಲಿನ ಕಣ್ಣು ತೆಗೆಯದೆ ಬೇಟದ ಉಳಿದ ಮಗ್ಗುಲನ್ನು ಸುತ್ತಿಸಿದ.

ದಕ್ಕೆಯಲ್ಲಿ ಲಗಮಣ್ಣ ಎಳನೀರು ಮುಗಿಸಿ ಕೊಬ್ಬರಿ ಕೆರೆಯುತ್ತಿದ್ದ. ಕಣ್ಣೆತ್ತಿದರೆ ಸಮುದ್ರದ ಮೇಲೆ ಹಸಿರು ಸೀರೆಯ ಹೆಣ್ಣುಮಗಳೊಬ್ಬಳು ಸೈಕಲ್ ತುಳಿಯುತ್ತ ಬರುತ್ತಿದ್ದಳು. ಅವನು ಎರಡೂ ಕೈ ಜೋಡಿಸಿ ಎದ್ದು ನಿಂತ. ಹತ್ತಿರ ಬಂದ ಮೇಲೆ ಸೆರಗಿನಿಂದ ಮೀಸೆ ಹೊರಬಿತ್ತು. ಬೆಸ್ತರು ಸವಾರನನ್ನೂ ಸೈಕಲ್ಲನ್ನೂ ಒಟ್ಟಿಗೆ ಎತ್ತಿ, ಹೊರಟ ಜಾಗದಲ್ಲೇ ಇಟ್ಟರು.

"ಮುಗೀತು. ಇಳಿ," ಅಂದ ಶ್ರೀಪಾಲ.

ಲಗಮಣ್ಣ ಒಪ್ಪಲಿಲ್ಲ. ಅರ್ಧ ದಾರಿ ನೀರಿನಲ್ಲಿ ಬಂದದ್ದು ಸುತ್ತಿದ ಲೆಕ್ಕವೇ ಅಲ್ಲ, ಹಾಗಾದರೆ ಮೀನುಗಳೆಲ್ಲ ದಿನಾ ಪಣ ಗೆಲ್ಲಬೇಕು ಎಂದು ವಾದಕ್ಕೆ ನಿಂತ. ಶ್ರೀಪಾಲ ಮೂಗಿನ ಟವೆಲ್ಲು ಬಿಚ್ಚಿದ.

"ನಡುಗಡ್ಡಿ ಸುತ್ತಬೇಕು ಅಂದಿ, ಸುತ್ತ್ಯಾನ. ನೆಲಕ್ಕ ಕಾಲ ಹಚ್ಚಬಾರ್ದು ಅಂದಿ, ಹಚ್ಚಿಲ್ಲ. ಗುಡ್ಡದಿಂದ ಧೂಳಾಗ ಗಾಲಿ ಗೆರಿ ನೋಡಕೋತ ಬಂದೀನಿ. ಮಂದಿ ಪಡಸಾಲ್ಯಾಗೂ ಗೆರಿ ಐತಿ, ಹೆಜ್ಜಿ ಇಲ್ಲ. ಸಮುದ್ರ ನೆಲ ಅಲ್ಲ, ಲಗಮಣ್ಣ. ನೆಲಾ ಇದ್ದಿದ್ರ ನಾವು ದೋಣ್ಯಾಗ ಯಾಕ ಬರತಿದ್ದಿವಿ?"

ದಕ್ಕೆಯ ಮಂದಿ ಶಿಳ್ಳೆ ಹೊಡೆದರು, ಮತ್ತೆ ಶಂಖ ಊದಿದರು. ಸೀರೆಯವಳು ಬಂದು ಸೀರೆ ಬಿಚ್ಚಿಕೊಂಡು ಹೋದಳು. ಮೀನಿನ ಮುದುಕಿ ಬಂದು, ನೀರಿಗೆ ಹೋದ ಮೀನಿನ ಲೆಕ್ಕಕ್ಕೆ ಒಂದು ಹಾಲಿನ ಕ್ಯಾನನ್ನು ಕಳಚಿ ತಲೆಯ ಮೇಲಿಟ್ಟುಕೊಂಡು ಹೊರಟಳು. ಭೀಮಸಿ ಬೇಡ ಅನ್ನಲಿಲ್ಲ. ಅವನು ಮೀಸೆಯ ಉಪ್ಪುನೀರು ಹಿಂಡುತ್ತಿದ್ದ.

ಬಂದರಿನ ಹಜಾಮನ ಎದುರು ಲಗಮಣ್ಣ ಕೂತ, ಎದ್ದಾಗ ಅವನ ಮುಖ ಸಿಪ್ಪೆ ಸುಲಿದ ಗೆಣಸಿನಂತಿತ್ತು. ಆಮೇಲೆ ಅವನು ಪಕ್ಕದ ಎಸ್‌ಟಿಡಿ ಬೂತಿಗೆ ಹೊಕ್ಕು ಜುಗೂಳದ ಸೊಸೈಟಿಗೆ ಫೋನು ಹಚ್ಚಿದ. ಊರಿಗೆಲ್ಲ ಅದೊಂದೇ ಫೋನು. ಗಾಜಿನಾಚೆ ಬಹಳ ಹೊತ್ತು ಮಾತಾಡಿದ. ಹೋಗುವಾಗ ಸತ್ತವರ ಮನೆಗೆ ಹೋಗುವವನ ಹಾಗೆ ಹೋದವನು, ಬರುವಾಗ ಹೊಟ್ಟೆ ಹಿಡಿದುಕೊಂಡು ನಗುತ್ತ ಬಂದ. ಏನೆಂದು ಶ್ರೀಪಾಲ ಕೇಳಿದರೆ ಅವನ ಕಿವಿಯಲ್ಲಿ ಹೇಳಿದ. ಶ್ರೀಪಾಲ ಭೀಮಸಿಯ ಕಡೆ ಕರುಣೆಯಿಂದ ನೋಡಿ, ತನ್ನ ಬುತ್ತಿಯ ಹೋಳಿಗೆಯಲ್ಲಿ ಅರ್ಧ ಮುರಿದು ಅವನಿಗೆ ಕೊಟ್ಟ. ಗೆದ್ದ ಉಬ್ಬಿನಲ್ಲಿದ್ದ ಭೀಮಸಿಗೆ ಇದೆಲ್ಲ ತನ್ನ ಸನ್ಮಾನವೆಂದೇ ಅನಿಸಿತು.

ದಾರಿಯುದ್ದಕ್ಕೂ ಅವನು ತನ್ನ ಕತೆ ಹೇಳಿದ. ಘಟ್ಟದ ಚಹಾದವನಿಗೆ ಹೇಳಿದ, ನಿಪ್ಪಾಣಿಯ ಪೆಟ್ರೋಲ್ ಪಂಪಿನವನಿಗೆ ಹೇಳಿದ. ಚಿಕ್ಕೋಡಿ ತಲುಪುವ ಹೊತ್ತಿಗೆ ಕತೆಯಲ್ಲಿ ಒಂದು ತಿಮಿಂಗಿಲ ಸೇರಿತ್ತು.

ದೀಪ ಹಚ್ಚುವ ಹೊತ್ತಿಗೆ ಜುಗೂಳ ಬಂತು. ಅಗಸೆಯಲ್ಲಿ ಹಲಗೆ ಬಾರಿಸುವವರು ಕಾದಿದ್ದರು. ಊರಿಗೆ ಊರೇ ನೆರೆದಿತ್ತು. ಭೀಮಸಿಯನ್ನು ಟೆಂಪೋದಿಂದ ಇಳಿಯಗೊಡದೆ ಹಾಗೇ ಸೈಕಲ್ಲಿನ ಮೇಲೆ ಕೂರಿಸಿದರು. ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು. ಗುಲಾಲು ಹಾರಿತು. ಜನಾಬಾಯಿ ತಾನೇ ಮುಂದೆ ಬಂದು ಆರತಿ ಎತ್ತಿದಳು. ಭೀಮಸಿ ಮೀಸೆ ತಿರುವಿ ತಿರುವಿ ಅದರ ತುದಿ ಕಣ್ಣಿಗೆ ಮುಟ್ಟಿತು. ಸಾಲಿ ಬಯಲಿನ ಸೈಕಲ್ಲಿನವನು ಸಹ ಬಯಲು ಬಿಟ್ಟು ಸೈಕಲ್ ತುಳಿಯುತ್ತಲೇ ನೋಡಲು ಬಂದಿದ್ದ. ಮಂದಿ ಮಾತ್ರ ಭೀಮಸಿಯ ಮುಖ ನೋಡಿ ನೋಡಿ ಬಾಯಿಗೆ ಸೆರಗು, ಟವೆಲ್ಲು ಅಡ್ಡ ಹಿಡಿಯುತ್ತಿದ್ದರು. ಸಂತೋಷಕ್ಕೆ ಅಳುತ್ತಿದ್ದಾರೆ ಎಂದುಕೊಂಡ.

ಮನೆ ಬಂತು. ಕಟ್ಟೆಯ ಮೇಲೆ ಊರಿನ ಕ್ಷೌರದ ಜ್ಞಾನದೇವ ಪೆಟ್ಟಿಗೆ ತೆರೆದು ಕೂತಿದ್ದ. ಅವನ ಪಕ್ಕದಲ್ಲಿ ಮುರಗೆಪ್ಪ, ಬಾಯಿಗೆ ಟವೆಲ್ಲು ಮುಚ್ಚಿಕೊಂಡು. ಭೀಮಸಿ ಸೈಕಲ್ಲಿನಿಂದ ಜಿಗಿದು ಅಪ್ಪನ ಕಾಲು ಹಿಡಿದ.

"ಅಪ್ಪಾ, ಉಳಿಸಿಕೊಂಡು ಬಂದೀನಿ ನೋಡು," ಅಂದ.

ಮುರಗೆಪ್ಪ ಟವೆಲ್ಲು ತೆಗೆದ. ಮೂಗಿನ ಕೆಳಗೆ ಏನೂ ಇರಲಿಲ್ಲ. ಎಷ್ಟೋ ವರ್ಷ ಬಿಸಿಲು ಕಾಣದ ತುಟಿ, ಬೆಳ್ಳಗೆ, ಆಗ ಹುಟ್ಟಿದ ಕರುವಿನ ಮೂತಿಯ ಹಾಗಿತ್ತು. ಭೀಮಸಿ ಇವನು ಯಾರೋ ಎಂದು ಒಂದು ಹೆಜ್ಜೆ ಹಿಂದೆ ಸರಿದ.

ನಡೆದದ್ದನ್ನು ಜನಾಬಾಯಿಯೇ ಆರತಿಯ ತಟ್ಟೆ ಹಿಡಿದು ವಿವರಿಸಿದಳು. ನಸುಕಿನಲ್ಲಿ ಟೆಂಪೋ ಹೊರಡುವಾಗ ಮುರಗೆಪ್ಪ ಅವಳ ಅಂಗಡಿಗೆ ಬಂದು ಕೂತಿದ್ದನಂತೆ. ಮಗ ಗೆದ್ದು ಬಂದರೆ ಏನು ಮಾಡುತ್ತೀಯ ಕಾಕಾ ಎಂದು ಲಗಮಣ್ಣ ಸ್ಟೇರಿಂಗಿನ ಮೇಲಿಂದಲೇ ಕೆಣಕಿದನಂತೆ. ತನ್ನ ಮಗ ಹಾಲು ಹಾಕಲು ಹೋದರೂ ಓಣಿಗೆ ಒಂದು ಸಲ ಕಾಲು ಊರುವವನು, ಅವನು ಗೆಲ್ಲುವುದಿರಲಿ ಮೊದಲನೆಯ ತಿರುವು ದಾಟಿದರೂ ತನ್ನ ಮೀಸೆಯನ್ನೇ ಬೋಳಿಸುತ್ತೇನೆ ಎಂದು ಟೆಂಪೋ ಹೋದ ಮೇಲೆ ಮುರಗೆಪ್ಪ ಸಿಟ್ಟಿನಲ್ಲಿ ಅಂದುಬಿಟ್ಟನಂತೆ. ಕೇಳಿದವರು ಅಂಗಡಿ ತುಂಬ ಇದ್ದರು. ಜುಗೂಳದಲ್ಲಿ ಆಡಿದ ಮಾತು ಆಡಿದ ಮಾತೇ. ಫೋನು ಬಂದ ಕೂಡಲೇ ಊರವರು ಜ್ಞಾನದೇವನನ್ನು ಹಲಗೆ ಬಾರಿಸಿಕೊಂಡೇ ಕರೆತಂದಿದ್ದರು.

ಭೀಮಸಿ ಅಪ್ಪನ ಮುಖ ನೋಡಿದ, ಕೊರಳಿನ ಹಾರ ನೋಡಿದ, ಮೀಸೆ ತಿರುವಲು ಎತ್ತಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿದ. ಮುರಗೆಪ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದ.

"ಬಾ, ಕೂಡ," ಅಂದ. "ಅಪ್ಪನ ತುಟಿ ಬಕ್ಕ ಇದ್ದಾಗ ಮಗಾ ಮೀಸಿ ತಿರುವಕೋತ ಓಣ್ಯಾಗ ಅಡ್ಡಾಡಿದ್ರ ಮಂದಿ ಏನಂದಾರು?"

ಜ್ಞಾನದೇವ ಬಟ್ಟಲಿನ ನೀರಿನಲ್ಲಿ ಬೆರಳು ಅದ್ದಿದ. ಭೀಮಸಿ ಮೀಸೆಗೆ ಅಂಗೈ ಅಡ್ಡ ಹಿಡಿದ.

"ಅಪ್ಪಾ, ನೀ ಉಸರ ಆಡೂತನಕ ನನ್ನ ಮೀಸಿಗೆ ಕತ್ತಿ ತಾಗಬಾರ್ದು ಅಂತ ನಿನ್ನೆ ನೀನ ಅಂದಿದ್ಯಲ್ಲ."

"ಅಂದಿದ್ದೆ," ಅಂದ ಮುರಗೆಪ್ಪ. "ಅಂದಾವಗ ಮೀಸಿ ಇತ್ತು."

ಜ್ಞಾನದೇವ ಕತ್ತಿಯನ್ನು ಅಂಗೈ ಮೇಲೆ ಉಜ್ಜಿದ. ಹೊರಗೆ ಓಣಿಯಲ್ಲಿ ಭೀಮಸಿ ಗೆದ್ದನೆಂದು ಹಲಗೆ ಇನ್ನೂ ಬಾರಿಸುತ್ತಲೇ ಇದ್ದರು.